ಏಳನೇ ಮನೆಯ ಕನ್ನಡಿ

ಕಾಗದ ಹರಿದ ಸದ್ದು. ದೊಡ್ಡದೇನಲ್ಲ. ಗೋಡೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಕಿತ್ತಷ್ಟು.

ಆದರೆ ರಾತ್ರಿ ಒಂದೂವರೆಗೆ, ಮೆಟ್ಟಿಲ ಮೇಲೆ ನಿಂತು, ಕ್ಯಾಲೆಂಡರ್ ಹಾಳೆ ಕೀಳುವವರು ಯಾರು?

ಯುಸ್ತಿನಾ ಹಾಸಿಗೆಯಲ್ಲೇ ಎದ್ದು ಕುಳಿತಳು. ಒಂಬತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡಿದ ಕಿವಿ ಅದು. ಎದುರಿನ ಏಳನೇ ಮನೆಯ ಬಾಗಿಲಿಗೆ ಅಂಟಿಸಿದ್ದ ಪೊಲೀಸ್ ಮೊಹರಿನ ಪಟ್ಟಿಯನ್ನು ಯಾರೋ ಹರಿದಿದ್ದರು. ಹರಿದವರಿಗೆ ಆತುರವಿರಲಿಲ್ಲ. ಸದ್ದು ನಿಧಾನವಾಗಿ, ನೋಯಿಸಬಾರದು ಎಂಬಂತೆ ಬಂದಿತ್ತು.

ಏಳನೇ ಮನೆ ದೆಮಿದ್ ಪಾವ್ಲೊವಿಚ್ ಅವರದು. ಒದೆಸ್ಸಾದ ಕಡಲ ದಂಡೆಯಲ್ಲಿ ಇಪ್ಪತ್ತಂತಸ್ತಿನ ಕಟ್ಟಡಗಳನ್ನು ಕಟ್ಟಿ ಮಾರಿದ ಆ ಮನುಷ್ಯ, ಊರ ಹಿಂಬದಿಯ ಸ್ಲೊಬಿದ್ಕಾದಲ್ಲಿ ಈ ಐದಂತಸ್ತಿನ ಕಟ್ಟಡವನ್ನು ಅನಾಥಾಲಯದಿಂದ ಹೊರಬಿದ್ದ ನಲವತ್ತು ಜನರಿಗಾಗಿ ಕಟ್ಟಿಸಿದ್ದರು. ಒಂದು ಪುಟ್ಟ ಮನೆಯನ್ನು ತಮಗೇ ಇಟ್ಟುಕೊಂಡು, ಗುರುವಾರ ಗುರುವಾರ ಬಂದು ಅವರೊಡನೆ ಚಹಾ ಕುಡಿಯುತ್ತಿದ್ದರು. ಹೋದ ವಾರದ ಸೋಮವಾರ ಕಾಣೆಯಾದವರು ಶುಕ್ರವಾರ ತಮ್ಮದೇ ಹೊಸ ಕಟ್ಟಡದ ಪಾಯದ ಗುಂಡಿಯಲ್ಲಿ ಹೆಣವಾಗಿ ಸಿಕ್ಕರು.

ಬೆಳಗಾದರೆ ಒಂಬತ್ತಕ್ಕೆ ತನಿಖಾಧಿಕಾರಿ ಬೊಯ್ಚುಕ್ ಬಂದು ಏಳನೇ ಮನೆಯ ಬಾಗಿಲು ತೆಗೆಯುವವನಿದ್ದ. ಅದಕ್ಕೂ ಮೊದಲೇ ಒಬ್ಬರು ತೆಗೆದಾಗಿತ್ತು.

ಪಕ್ಕದ ದಿಂಬು ಖಾಲಿ. ಲುಕ್ಯಾನ್ ಕೀವ್‌ಗೆ ಹೋಗಿದ್ದ. ಹನ್ನೊಂದು ವರ್ಷ ದೆಮಿದ್ ಪಾವ್ಲೊವಿಚ್ ಅವರ ಕಾರು ಓಡಿಸಿದ ಅವಳ ಗಂಡ, ಹೆಣ ಮಣ್ಣಾದ ಮರುದಿನದಿಂದಲೇ ಅವರ ಅಳಿಯ ವಿಕೆಂತಿಯ ಕಾರು ಓಡಿಸತೊಡಗಿದ್ದ. ಹೊಟ್ಟೆಪಾಡು, ಏನು ಮಾಡೋದು ಅಂದಿದ್ದ.

ಯುಸ್ತಿನಾ ಟಾರ್ಚ್ ಹಿಡಿದು ಬರಿಗಾಲಲ್ಲೇ ಹೊರಗೆ ಬಂದಳು. ಏಳನೇ ಮನೆಯ ಬಾಗಿಲು ಬೆರಳಗಲ ತೆರೆದಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಒಳಗಿನಿಂದ ನೇತಾಡುತ್ತಿತ್ತು.

ಅವಳು ಟಾರ್ಚ್ ಹೊತ್ತಿಸಲಿಲ್ಲ. ಕತ್ತಲಲ್ಲಿ ನಿಂತು ವಾಸನೆ ಹಿಡಿದಳು. ಸುಣ್ಣ, ಹಳೆಯ ಚಹಾ, ಮತ್ತೆ... ಕರ್ಪೂರದೆಣ್ಣೆ. ಮಂಡಿನೋವಿಗೆ ಹಚ್ಚಿಕೊಳ್ಳುವ ಕರ್ಪೂರದೆಣ್ಣೆ.

ಆ ವಾಸನೆಯ ಮಡಿಲಲ್ಲಿ ತಲೆಯಿಟ್ಟು ಅವಳು ಬಾಲ್ಯವೆಲ್ಲ ಕಳೆದಿದ್ದಳು.

“ತೆಕ್ಲಮ್ಮಾ?”

“ಬಾಗಿಲು ಹಾಕ್ಕೊಂಡು ಬಾ, ಯುಸ್ಕಾ. ಬರಿಗಾಲಲ್ಲಿ ಬಂದಿದೀಯಾ, ಸದ್ದಲ್ಲೇ ಗೊತ್ತಾಗುತ್ತೆ. ಹೇಳಿ ಹೇಳಿ ಸತ್ತೆ, ಚಪ್ಪಲಿ ಮೆಟ್ಕೊಳೇ ಅಂತ.”

ಯುಸ್ತಿನಾ ಟಾರ್ಚ್ ಹೊತ್ತಿಸಿದಳು.

ಅನಾಥಾಲಯದ ಮುಖ್ಯಸ್ಥೆಯಾಗಿ ಮೂವತ್ತು ವರ್ಷ ದುಡಿದ, ನಲವತ್ತೂ ಜನರನ್ನು ಎತ್ತಿ ಆಡಿಸಿದ, ಈಗ ಕೆಳಗಿನ ಕಾವಲುಮನೆಯಲ್ಲಿರುವ ಮುದುಕಿ ಕುರ್ಚಿಯ ಮೇಲೆ ಕೂತಿದ್ದಳು. ತಲೆಗೆ ಕಪ್ಪು ಬಟ್ಟೆ. ಮಡಿಲಲ್ಲಿ ನಾಲ್ಕು ಮಡಿಕೆ ಮಡಿಸಿದ ಬಿಳಿ ಹಾಸು.

“ಇಷ್ಟು ಹೊತ್ತಲ್ಲಿ ಏನು ಮಾಡ್ತಿದೀರಾ ಇಲ್ಲಿ?”

“ನೋಡ್ತಿದೀಯಲ್ಲ. ಕೂತಿದೀನಿ. ಮಂಡಿ ಹಿಡ್ಕೊಂಡ್ಬಿಡ್ತು.”

ಯುಸ್ತಿನಾ ನಗಲಿಲ್ಲ. ಅವಳ ಕಣ್ಣು ಕೋಣೆಯನ್ನು ಅಳೆಯುತ್ತಿತ್ತು. ಇದು ಅವಳ ಚಾಳಿ. ಎದುರಿಗೆ ಹೆತ್ತ ತಾಯಿಯೇ ಕೂತಿದ್ದರೂ ಮೊದಲು ಗೋಡೆ ನೋಡುತ್ತಾಳೆ, ಆಮೇಲೆ ಮುಖ.

ಹದಿನೇಳೇ ವರ್ಷಕ್ಕೆ ಈ ಕಟ್ಟಡದ ಚಾವಣಿ ಸುಣ್ಣದ ಪುಡಿ ಉದುರಿಸುತ್ತಿತ್ತು. ದಾನದ ಕಟ್ಟಡಕ್ಕೆ ಹಾಕಿದ ಸಿಮೆಂಟೂ ಅಷ್ಟಕ್ಕಷ್ಟೇ ಇತ್ತೇನೋ. ಮುಚ್ಚಿದ ಮನೆಯಲ್ಲಿ ಎಲ್ಲದರ ಮೇಲೂ ಬಿಳಿ ಪುಡಿ ಕೂತಿತ್ತು. ಮೇಜು, ಕುರ್ಚಿಯ ತೋಳು, ಕಪಾಟಿನ ನೆತ್ತಿ.

ಆದರೆ ಬಾಗಿಲ ಪಕ್ಕದ ಆಳೆತ್ತರದ ಕನ್ನಡಿಯಲ್ಲಿ ಒಂದು ಕಣ ಪುಡಿ ಇರಲಿಲ್ಲ. ಆ ಪುಡಿಯೆಲ್ಲ ತೆಕ್ಲಮ್ಮನ ಮಡಿಲ ಹಾಸಿನ ಮೇಲಿತ್ತು.

ಬಚ್ಚಲಿನ ಬಾಗಿಲು ತೆರೆದಿತ್ತು. ಅಲ್ಲಿ ಎತ್ತರದ ಮೊಳೆಗೆ ತೂಗುಹಾಕಿದ್ದ, ಗಡ್ಡ ಹೆರೆದುಕೊಳ್ಳುವ ಪುಟ್ಟ ಕನ್ನಡಿಗೆ ಟವೆಲ್ ಹೊದಿಸಿತ್ತು. ಮಂಡಿ ಹಿಡಿದ ಮುದುಕಿಯ ಕೈಗೆ ಅದು ಇವತ್ತು ಎಟುಕಿರಲಿಲ್ಲ.

ಯುಸ್ತಿನಾ ಮತ್ತೆ ಮಡಿಲ ಹಾಸಿನತ್ತ ತಿರುಗಿದಳು.

ಸಾವಾದ ಮನೆಯಲ್ಲಿ ಕನ್ನಡಿ ಮುಚ್ಚಬೇಕೆಂಬುದು ಸ್ಲೊಬಿದ್ಕಾದ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಹೊರಟ ಜೀವ ತನ್ನನ್ನೇ ತಾನು ಕಂಡು ದಾರಿ ತಪ್ಪಬಾರದಲ್ಲ. ಅದರಲ್ಲಿ ಏನೂ ತಪ್ಪಿಲ್ಲ. ಆದರೆ ದೆಮಿದ್ ಪಾವ್ಲೊವಿಚ್ ಸತ್ತಿದ್ದಾರೆಂದು ಊರಿಗೆ ತಿಳಿದದ್ದು ಶುಕ್ರವಾರ. ಬೊಯ್ಚುಕ್ ಈ ಬಾಗಿಲಿಗೆ ಪಟ್ಟಿ ಅಂಟಿಸಿದ್ದು ಮಂಗಳವಾರ, ಒಳಗೆ ಕಾಲಿಡದೆ, ಅವಳ ಕಣ್ಣೆದುರೇ. ಅವರು ಬದುಕಿದ್ದಾರೆಂದು ನಲವತ್ತು ಮನೆಯವರೂ ಅಂಗಳದಲ್ಲಿ ಕಾಯುತ್ತಿದ್ದಾಗಲೇ ಈ ಮನೆಯ ಕನ್ನಡಿಗಳಿಗೆ ಬಟ್ಟೆ ಬಿದ್ದಾಗಿತ್ತು.

“ಅವರು ಗುಂಡೀಲಿ ಬಿದ್ದು ಸಾಯ್ಲಿಲ್ಲ,” ಎಂದಳು ಯುಸ್ತಿನಾ. “ಇಲ್ಲೇ ಸತ್ತರು. ಸೋಮವಾರ. ನೀವಿಲ್ಲಿದ್ರಿ.”

ಮುದುಕಿ ಹಾಸಿನ ಅಂಚನ್ನು ಬೆರಳಿಂದ ನೀವುತ್ತಿದ್ದಳು.

“ಕಳ್ಳ ಕನ್ನಡಿ ಮುಚ್ಚಲ್ಲ, ತೆಕ್ಲಮ್ಮ. ಹಗೆಯೂ ಮುಚ್ಚಲ್ಲ. ನಮ್ಮೋರೇ ಮುಚ್ಚೋದು.”

“ನಿನಗೆ ಓದಿಸಿದ್ದು ತಪ್ಪಾಯ್ತು ಅನ್ಸುತ್ತೆ,” ಎಂದಳು ತೆಕ್ಲಮ್ಮ. “ಹೊಲಿಗೆ ಕಲಿಸ್ಬೇಕಿತ್ತು.”

“ಹೇಳಿ.”

“ಕೂತ್ಕೋ.”

“ನಿಂತೇ ಕೇಳ್ತೀನಿ.”

ಉತ್ತರ ಬೇಕಾಗಿದ್ದದ್ದು ಅವಳೊಬ್ಬಳಿಗಲ್ಲ. ಆ ಮಂಗಳವಾರ ನಡುಮಧ್ಯಾಹ್ನ ದೆಮಿದ್ ಪಾವ್ಲೊವಿಚ್ ಎಲ್ಲರನ್ನೂ ಅಂಗಳಕ್ಕೆ ಕರೆದಿದ್ದರು. ಪ್ರತಿಯೊಬ್ಬರ ಮನೆಯನ್ನೂ ಅವರವರ ಹೆಸರಿಗೆ ಬರೆದ ಪತ್ರಗಳು ಕೆಂಪು ಕಡತದಲ್ಲಿ ಸಿದ್ಧವಾಗಿವೆ, ಕೈಗೆ ಕೊಡುತ್ತೇನೆ ಎಂದಿದ್ದರು. ಮನೆಗಳು ಇನ್ನೂ ತಮ್ಮ ಹೆಸರಲ್ಲಿಲ್ಲ ಎಂಬುದೇ ಆವರೆಗೆ ಅವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅವರು ಬರಲಿಲ್ಲ, ಕಡತವೂ ಬರಲಿಲ್ಲ. ಶವಸಂಸ್ಕಾರದ ಊಟದ ತಟ್ಟೆ ಒಣಗುವ ಮೊದಲೇ ಅಳಿಯ ವಿಕೆಂತಿ ಅದೇ ಅಂಗಳದಲ್ಲಿ ನಿಂತು, ನವೆಂಬರ್ ಒಂದಕ್ಕೆ ಎಲ್ಲರೂ ಮನೆ ಬಿಡಬೇಕು ಅಂದ. ಕಡತ ಸಿಕ್ಕರೆ ನಲವತ್ತು ಸಂಸಾರ ಉಳಿಯುತ್ತವೆ. ಸಿಗದಿದ್ದರೆ ಚಳಿ ಬೀಳುವ ಹೊತ್ತಿಗೆ ಬೀದಿ. ಹುಡುಕಿಕೊಡು ಅಂತ ಎಲ್ಲರೂ ಸೇರಿ ಯುಸ್ತಿನಾಳ ಬೆನ್ನಿಗೆ ಬಿದ್ದಿದ್ದರು.

“ಒಂಬತ್ತಕ್ಕೆ ಬಂದೆ,” ಎಂದಳು ತೆಕ್ಲಮ್ಮ. “ಚಹಾಕ್ಕೆ ಕರ್ದಿದ್ದ. ನನ್ನ ಹತ್ರ ಕೀಲಿ ಇತ್ತಲ್ಲ. ಬಾಗಿಲು ತೆಗೆದ್ರೆ, ಆ ಕೋಣೆ ಕಾಯಿಸೋ ಬಿಸಿನೀರಿನ ಕೊಳವೆ ಹತ್ರ ಬಿದ್ದಿದಾನೆ. ತಲೆ ಹಿಂದೆ ರಕ್ತ. ಮೈ ಇನ್ನೂ ಬೆಚ್ಚಗಿತ್ತು, ಯುಸ್ಕಾ. ಮೇಜಿನ ಮೇಲೆ ಎರಡು ಲೋಟ ಚಹಾ. ಎರಡೂ ಬಿಸಿ.”

“ಪೊಲೀಸಿಗೆ ಯಾಕೆ ಹೇಳ್ಲಿಲ್ಲ?”

“ಮೊದಲು ಕಣ್ಣು ಮುಚ್ಚಿಸ್ದೆ. ಕನ್ನಡಿ ಮುಚ್ದೆ. ಕೈ ತಾನಾಗೇ ಮಾಡ್ಬಿಡುತ್ತೆ ಕಣೇ, ತಲೆ ಯೋಚಿಸೋಕ್ ಮುಂಚೆ. ಮೇಣದಬತ್ತಿ ಇರಲಿಲ್ಲ. ಕೆಳಗೆ ನನ್ನ ಮನೆಗೆ ತರೋಕ್ ಹೋದೆ. ಬತ್ತಿ ಹುಡುಕಿ, ಫೋನ್ ಮಾಡೋಣ ಅಂತ ಕನ್ನಡಕ ಹುಡುಕಿ, ಮತ್ತೆ ಮೆಟ್ಟಿಲು ಹತ್ತೋ ಹೊತ್ತಿಗೆ...”



ಯುಸ್ತಿನಾ ಟಾರ್ಚನ್ನು ನೆಲಕ್ಕೆ ತಿರುಗಿಸಿದಳು. ಹಲಗೆಯ ನೆಲದ ನಡುವೆ ಒಂದು ಚೌಕ ಮಾತ್ರ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಹದಿನೇಳು ವರ್ಷ ಬಿಸಿಲು ತಾಗದ ಜಾಗ. ಜಮಖಾನೆ ಇದ್ದ ಜಾಗ.

“ಜಮಖಾನೆ ಸುತ್ತಿ ಹೊತ್ಕೊಂಡು ಇಳೀತಿದ್ದ ಒಬ್ಬ,” ಎಂದಳು ತೆಕ್ಲಮ್ಮ. “ದೆಮಿದ್ ಹಂಚಿಕಡ್ಡಿಯಂಥವ್ನು, ಭಾರ ಎಷ್ಟಿರುತ್ತೆ. ನಾನು ಮೊದಲು ಏನಂದ್ಕೊಂಡೆ ಗೊತ್ತಾ? ರಾತ್ರಿ ಒಂಬತ್ತಕ್ಕೆ ಅಂಗಳದ ಕಂಬಿಗೆ ಜಮಖಾನೆ ಹಾಕಿ ಬಡಿಯೋನು ಅಂದ್ರೆ ಒಂದೋ ಹುಚ್ಚ, ಇಲ್ಲಾ ಹೆಂಡ್ತಿಗೆ ಹೆದರೋನು ಅಂತ. ನಗು ಬಂತು ನಂಗೆ. ನಗು ಬಂತು!”

“ಯಾರು?”

“ಹೆಂಡ್ತಿಗೆ ಹೆದರೋನೇ ಅನ್ನು.”

ಹೊರಗೆ ಎಲ್ಲೋ ಬಂದರಿನ ಕಡೆ ಹಡಗೊಂದು ಕೂಗಿತು. ಯುಸ್ತಿನಾ ಕುರ್ಚಿಯ ತೋಳು ಹಿಡಿದಳು. ಕೈಗೆ ಸುಣ್ಣ ಹತ್ತಿತು.

“ಸುಳ್ಳು,” ಎಂದಳು.

“ಆಗ್ಲಿ. ಸುಳ್ಳು ಅಂತಾನೇ ಇಟ್ಕೋ.”

“ಅವನು ಎಂಟರಿಂದ ಮನೇಲೇ ಇದ್ದ. ನಾನೇ ಬೊಯ್ಚುಕ್‌ಗೆ ಬರೆದುಕೊಟ್ಟಿದೀನಿ.”

“ನೀನು ಎಂಟಕ್ಕೆ ಎಲ್ಲಿದ್ದೆ?”

ಐದನೇ ಅಂತಸ್ತಿನಲ್ಲಿ. ಝೊರಿಯಾನಾಳ ಮಗುವಿನ ಹುಟ್ಟುಹಬ್ಬಕ್ಕೆ ಚೆರ್ರಿ ಕಡುಬು ಮಡಿಚುತ್ತ ಹತ್ತೂವರೆವರೆಗೆ ಅಲ್ಲೇ ಇದ್ದಳು. ಮನೆಗೆ ಬಂದಾಗ ಲುಕ್ಯಾನ್ ಸ್ನಾನ ಮಾಡಿ ಟಿ.ವಿ. ಮುಂದೆ ಕೂತಿದ್ದ. ಯಜಮಾನರನ್ನು ಏಳಕ್ಕೇ ರೈಲ್ವೆ ನಿಲ್ದಾಣದಲ್ಲಿ ಬಿಟ್ಟು ಬಂದೆ ಅಂದ. ಮೂರು ದಿನದ ಮೇಲೆ, ‘ಎಂಟರಿಂದ ಮನೇಲೇ ಇದ್ದೆ ಅಂತ ನೀನೊಂದು ಸಾಲು ಬರ್ಕೊಡು, ಇಲ್ದಿದ್ರೆ ಸುಮ್ನೆ ಓಡಾಡಿಸ್ತಾರೆ’ ಅಂದಿದ್ದ. ಇನ್ನೊಬ್ಬರ ಸುಳ್ಳನ್ನು ಉಸಿರಿನಲ್ಲೇ ಹಿಡಿಯುತ್ತಿದ್ದವಳು, ಗಂಡನ ಮಾತಿಗೆ ಪೆನ್ನು ಎತ್ತಿದ್ದಳು.

“ಅದಕ್ಕೇ ಬಾಯಿ ಮುಚ್ಕೊಂಡೆ,” ಎಂದಳು ತೆಕ್ಲಮ್ಮ. “ನಾನು ಮೊದಲು ಬಂದಾಗ ಅವನು ಕಾರು ಹತ್ರ ತರೋಕ್ ಹೋಗಿದ್ದ ಅನ್ಸುತ್ತೆ, ವಾಪಸ್ ಬಂದು ಕನ್ನಡಿ ಮುಚ್ಚಿದ್ದು ನೋಡಿರ್ತಾನೆ. ನಾಳೆ ಬೊಯ್ಚುಕ್ ಬರ್ತಾನೆ, ಕನ್ನಡಿ ನೋಡ್ತಾನೆ, ಅವನೂ ಈ ಊರೋನೇ, ಗೊತ್ತಾಗುತ್ತೆ. ನನ್ನ ಹತ್ರ ಬರ್ತಾನೆ. ನಾನು ಎಷ್ಟು ಹೊತ್ತು ಸುಳ್ಳು ಹೇಳ್ಲಿ? ಅದಕ್ಕೆ ತೆಗೆಯೋಕ್ ಬಂದೆ. ನಿನ್ನ ಸಂಸಾರ ಉಳೀಲಿ ಅಂತ.”

“ನನ್ನ ಸಂಸಾರ!” ಯುಸ್ತಿನಾಳ ದನಿ ಏರಿತು. “ಇನ್ನು ಮೂವತ್ತೊಂಬತ್ತು ಸಂಸಾರ? ಅವರೂ ನಿಮ್ಮ ಮಕ್ಕಳೇ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಮನೆ ನಮ್ಮ ಹೆಸರಲ್ಲಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

ತೆಕ್ಲಮ್ಮ ಹಾಸನ್ನು ಎದೆಗೊತ್ತಿಕೊಂಡಳು.

ಯುಸ್ತಿನಾಳಿಗೆ ಆ ದಿನ ನೆನಪಿತ್ತು. ಹದಿನೆಂಟು ವರ್ಷದ ಅವಳ ಕೈಗೆ ಮೊದಲ ಕೀಲಿ. ಪಾದ್ರಿ ನೀರು ಚಿಮುಕಿಸಿದ. ವಾದ್ಯದವರು ತಪ್ಪು ತಪ್ಪು ಬಾರಿಸಿದರು. ಹೊಸ ಮನೆಗೆ ಮೊದಲು ಬೆಕ್ಕು ಹೋಗಬೇಕೆಂದು ದೆಮಿದ್ ಪಾವ್ಲೊವಿಚ್ ತಮ್ಮ ಕೋಟಿನೊಳಗೇ ಒಂದು ಬೂದು ಬೆಕ್ಕನ್ನು ತಂದಿದ್ದರು. ನಲವತ್ತು ಹೊಸ್ತಿಲಿಗೂ ಅದೇ ಬೆಕ್ಕು. ಇಪ್ಪತ್ತನೆಯದಕ್ಕೆ ಅದು ಅವರ ಕೈ ಪರಚಿತು. ‘ಇವಳಿಗೂ ಕೂಲಿ ಕೊಡಬೇಕು ಕಣ್ರಪ್ಪಾ’ ಅಂತ ನಕ್ಕಿದ್ದರು. ಮುಚ್ಚಿಹೋದ ಸಹಕಾರಿ ತೋಟದಿಂದ ಕೊಂಡ ಒಂದೇ ಒಂದು ಕಾಂಕ್ರೀಟ್ ಗಾಡಿಯಿಂದ ಮೇಲೆ ಬಂದವನು ನಾನು, ನಿಮ್ಮ ಹಾಗೇ ಯಾರೂ ಇಲ್ಲದವನು ಎಂದಿದ್ದರು. ಅವಳು ಅಪ್ಪ ಎಂಬ ಪದವನ್ನು ಮನಸ್ಸಿನಲ್ಲಿ ಮೊದಲ ಸಲ ಅಂದುಕೊಂಡದ್ದು ಆವತ್ತು.

“ಗೊತ್ತಿತ್ತು,” ಎಂದಳು ತೆಕ್ಲಮ್ಮ.

“ಯಾವಾಗಿಂದ?”

“ಬೆಕ್ಕು ಬಂದ ದಿನಕ್ಕೂ ಮುಂಚೆಯಿಂದ.”

“ತೆಕ್ಲಮ್ಮಾ...”

“ಬಾಯ್ಲರ್ ಒಡೆದಿತ್ತು ಆ ಚಳಿಗಾಲ. ನೀವೆಲ್ಲ ಎರಡೆರಡು ಜನ ಒಂದೇ ಮಂಚದಲ್ಲಿ, ಕೋಟು ಹಾಕ್ಕೊಂಡೇ ಮಲಗ್ತಿದ್ರಿ. ನೆನಪಿದ್ಯಾ? ಅವನು ಬಂದ. ಹೊಸ ಬಾಯ್ಲರ್ ಹಾಕಿಸ್ದ, ಮಾಡು ಹೊದಿಸ್ದ. ಅನಾಥರಿಗೆ ಮನೆ ಕಟ್ಟಿಸೋರಿಗೆ ಕಡಲ ದಂಡೆ ಜಾಗ ಕೊಡ್ತೀವಿ ಅಂತ ಊರಿನೋರು ಅಂದಿದ್ರು. ಮನೆ ಮಕ್ಕಳ ಹೆಸರಿಗೇ ಆಗ್ಬೇಕು ಅಂತ ಕಾನೂನು. ನಿಮ್ಮ ಪಾಲಕಿ ಅಂತ ನಾನು ಒಪ್ಪಿ ಸಹಿ ಹಾಕಿದ್ರೆ ಅವನ ದತ್ತಿಸಂಸ್ಥೆ ಹೆಸರಲ್ಲಿ ಇಟ್ಕೋಬಹುದಿತ್ತು. ಹಾಕ್ದೆ. ನಲವತ್ತು ಸಲ ಹಾಕ್ದೆ.”

“ನಮ್ಮನ್ನ ಮಾರಿದ್ರಿ.”

“ಬೆಚ್ಚಗೆ ಮಲಗಿಸ್ದೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮುದುಕಿ ಮೊದಲು ಕಣ್ಣು ತಗ್ಗಿಸಿದಳು.

“ಕೊನೇಗೆ ಅವನಿಗೂ ನಿದ್ದೆ ಬರದ ಹಾಗಾಯ್ತು,” ಎಂದಳು ಮೆಲ್ಲಗೆ. “ಡಾಕ್ಟರು ಹೃದಯ ಸರಿಯಿಲ್ಲ ಅಂದ್ರಂತೆ. ಸಾಯೋಕ್ ಮುಂಚೆ ಸರಿ ಮಾಡ್ತೀನಿ ತೆಕ್ಲಾ ಅಂದ. ಮಾಡಿಯೂ ಮಾಡ್ದ. ತಗೋ.”

ಅವಳು ಹಾಸಿನ ಮಡಿಕೆ ಬಿಚ್ಚಿದಳು. ಒಳಗೆ ಕೆಂಪು ಕಡತ.

ಯುಸ್ತಿನಾ ಅದನ್ನು ಮುಟ್ಟದೆ ನಿಂತಳು. ಒಂಬತ್ತು ದಿನ ಊರೆಲ್ಲ ಹುಡುಕಿದ ವಸ್ತು. ಹಸಿವಾದಾಗ ಅನ್ನ ಬೆನ್ನ ಹಿಂದೆಯೇ ಇತ್ತು.

“ಅವನ ಕೋಟಿನೊಳಗಿತ್ತು. ಕಣ್ಣು ಮುಚ್ಚಿಸೋವಾಗ ಸಿಕ್ತು. ಮನೇಲಿ ಬಿಡೋಕ್ ಭಯ, ಅವತ್ತಿಂದ ಹೋದಲ್ಲೆಲ್ಲ ಹೊತ್ಕೊಂಡೇ ತಿರುಗ್ತಿದೀನಿ. ನನ್ನ ಹತ್ರ ಇದೆ ಅಂತ ಹೇಳಿದ್ರೆ ಎಲ್ಲಿ ಸಿಕ್ತು ಅಂತಾರೆ. ಎಲ್ಲಿ ಅಂದ್ರೆ ಯಾರನ್ನ ನೋಡ್ದೆ ಅಂತಾರೆ. ನೀನೇ ಹೇಳು, ಏನ್ ಮಾಡ್ಲಿ? ಇದು ಕೊಟ್ರೆ ನಿನ್ನ ಗಂಡ ಹೋಗ್ತಾನೆ. ಸುಳ್ಳು ಬರೆದುಕೊಟ್ಟ ನೀನೂ ಹೋಗ್ತೀಯ. ಕೊಡದಿದ್ರೆ ಎಲ್ಲಾರೂ ಹೋಗ್ತಾರೆ.”

ಯುಸ್ತಿನಾ ಕಡತ ತೆರೆದಳು. ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಹಾಳೆ. ನೋಟರಿಯ ಮೊಹರು, ದೆಮಿದ್ ಪಾವ್ಲೊವಿಚ್ ಅವರ ನಡುಗುವ ಸಹಿ. ಒಂದನೇ ಮನೆ, ಎರಡನೇ ಮನೆ... ಎಲ್ಲವೂ ಹೋದ ತಿಂಗಳು ಬರೆದವು. ಏಳು ಅವರದೇ, ಅದಕ್ಕೆ ಹಾಳೆ ಇಲ್ಲ. ಒಂಬತ್ತು, ಹತ್ತು, ನಲವತ್ತೊಂದು.

ತನ್ನದೇ ಮನೆ, ಎಂಟು?

ಎಂಟು ಕೊನೆಯಲ್ಲಿ, ಬೇರೆಯಾಗಿ, ಪಿನ್ನು ಚುಚ್ಚಿಕೊಂಡು ಇತ್ತು. ಅದು ಹೋದ ತಿಂಗಳದ್ದಲ್ಲ. ಹೋದ ವರ್ಷದ ಫೆಬ್ರವರಿಯದು.

ಎಂಟನೇ ಮನೆಯನ್ನು ದತ್ತಿಸಂಸ್ಥೆ ಲುಕ್ಯಾನ್ ಹೆಸರಿಗೆ ಬರೆದುಕೊಟ್ಟಿತ್ತು. ಸಂಸ್ಥೆಯ ಪರವಾಗಿ ಸಹಿ ಹಾಕಿದವನು, ಸಂಸ್ಥೆಯ ಮನೆಯನ್ನು ನೇರವಾಗಿ ತಾನೇ ಕೊಳ್ಳಲಾಗದ ಅಳಿಯ ವಿಕೆಂತಿ. ಅದರ ಕೆಳಗೆ ಎರಡನೇ ಹಾಳೆ: ಎರಡೇ ತಿಂಗಳಿಗೆ ಲುಕ್ಯಾನ್ ಆ ಮನೆಯನ್ನು ಮತ್ತೆ ವಿಕೆಂತಿಗೇ ಮಾರಿದ್ದ. ‘ಹೆಂಡತಿಯ ಒಪ್ಪಿಗೆ’ ಎಂಬಲ್ಲಿ ಅವಳ ಹೆಸರಿತ್ತು. ಅವಳ ಸಹಿಯೂ ಇತ್ತು. ಚಂದದ ಸಹಿ. ಅವಳು ಯಾವತ್ತೂ ಹಾಕಿರದ ಸಹಿ.

ಅಂಚಿನಲ್ಲಿ ಪೆನ್ಸಿಲಿನಿಂದ ದೆಮಿದ್ ಪಾವ್ಲೊವಿಚ್ ಬರೆದಿದ್ದರು: ‘ಲುಕ್ಯಾನ್‌ನನ್ನು ಸೋಮವಾರ ಕೂರಿಸಿಕೊಂಡು ಕೇಳಬೇಕು. ಹುಡುಗಿಗೆ ಗೊತ್ತಿಲ್ಲ.’

ಒಂದೂವರೆ ವರ್ಷದಿಂದ ಅವಳು ಇನ್ನೊಬ್ಬನ ಮನೆಯಲ್ಲಿ ನೆಲ ಒರೆಸುತ್ತಿದ್ದಳು. ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ, ಅದು ಗೊತ್ತಿದ್ದವನ ಪಕ್ಕದಲ್ಲಿ ಮಲಗುತ್ತಿದ್ದಳು. ಹೋದ ಚಳಿಗಾಲದಲ್ಲಿ ಅಡುಗೆಮನೆಯ ಗೋಡೆಗೆ ಹೊಸ ಟೈಲ್ಸ್ ಹಾಕಿಸೋಣವಾ ಎಂದು ಅವಳು ಕೇಳಿದಾಗ, ಯಾಕೆ ಆತುರ ಅಂತ ಅವನು ತಲೆ ಸವರಿದ್ದ.

“ಏನಿದೆ ಅದ್ರಲ್ಲಿ?” ಕೇಳಿದಳು ತೆಕ್ಲಮ್ಮ. “ಕನ್ನಡಕ ಇಲ್ದೆ ನಂಗೆ ಕಾಣ್ಲಿಲ್ಲ. ಆಮೇಲೆ ನೋಡೋ ಧೈರ್ಯ ಆಗ್ಲಿಲ್ಲ.”

“ಎಲ್ಲರ ಮನೆ,” ಎಂದಳು ಯುಸ್ತಿನಾ.

ಅವಳು ಬಚ್ಚಲಿಗೆ ಹೋಗಿ, ತುದಿಗಾಲಲ್ಲಿ ನಿಂತು, ಪುಟ್ಟ ಕನ್ನಡಿಯ ಟವೆಲ್ ತೆಗೆದಳು. ತೆಕ್ಲಮ್ಮನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿ, ಕೆಳಗಿನ ಮನೆಗೆ ಬಿಟ್ಟು ಬಂದಳು. ಕಡತವನ್ನು ತನ್ನ ಬಾಲ್ಕನಿಯ ಹುಳಿ ಎಲೆಕೋಸಿನ ಪೀಪಾಯಿಯ ಹಿಂದೆ ತುರುಕಿದಳು.

ಆರೂವರೆಗೆ ಲುಕ್ಯಾನ್ ಬಂದ. ಕಂಕುಳಲ್ಲಿ ಬಿಸಿ ರೊಟ್ಟಿ, ಕೈಯಲ್ಲಿ ಉಪ್ಪು ಚೀಸಿನ ಪೊಟ್ಟಣ. ತಣ್ಣನೆಯ ಮೂಗನ್ನು ಅವಳ ಕೆನ್ನೆಗೆ ಒತ್ತಿದ.

“ಎದುರುಗಡೆ ಪಟ್ಟಿ ಹರಿದೋಗಿದೆ, ನೋಡ್ದ್ಯಾ?”

“ಇಲ್ಲ. ಮಲಗಿದ್ದೆ.”

“ಪೊಲೀಸ್ ಕಿವಿ ಅಂತಿದ್ದೆ! ಮುಪ್ಪಾಯ್ತು ಬಿಡು ನಿಂಗೆ.” ಅವನು ನಗುತ್ತಾ ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡ. ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದ. “ಯಾರೋ ಹೊಕ್ಕಿರ್ಬೇಕು. ಏನಾದ್ರೂ ತಗೊಂಡ್ ಹೋದ್ರೇನೋ.”

“ಏನಿತ್ತು ತಗೊಂಡ್ ಹೋಗೋಕೆ?”

“ನಂಗೇನ್ ಗೊತ್ತು.” ಬಿಚ್ಚಿದ ಬೂಟು ಕೈಯಲ್ಲೇ ಉಳಿಯಿತು. “ಅಂದಹಾಗೆ, ತೆಕ್ಲಮ್ಮನ್ನ ನಾಳೆ ಹಳ್ಳಿಗೆ, ಅವಳ ತಂಗಿ ಮನೆಗೆ ಬಿಟ್ಟು ಬರ್ತೀನಿ. ಇಲ್ಲಿ ಒಬ್ಬಳೇ ಕೂತು ಏನೇನೋ ಯೋಚಿಸ್ತಾಳೆ ಪಾಪ. ವಿಕೆಂತಿಯೋರು ಕಾರು ತಗೊಂಡ್ ಹೋಗು ಅಂದಿದಾರೆ.”

“ಅವಳಿಗೆ ತಂಗಿ ಇದಾಳಾ?”

“ಇದಾಳಂತೆ.”

ತೆಕ್ಲಮ್ಮನಿಗೆ ತಂಗಿ ಇರಲಿಲ್ಲ. ಆ ಅನಾಥಾಲಯದಲ್ಲೇ ಹುಟ್ಟಿಬೆಳೆದವಳು ಅವಳು. ಅವಳಿಗೆ ಯಾರೂ ಇರಲಿಲ್ಲ, ಈ ನಲವತ್ತು ಜನರನ್ನು ಬಿಟ್ಟರೆ.

ಬಾಗಿಲು ಬಡಿದ ಸದ್ದು. ಐದನೇ ಅಂತಸ್ತಿನ ಝೊರಿಯಾನಾ. ಸೊಂಟದಲ್ಲಿ ಮಗು, ಕೂದಲು ಬಾಚಿಲ್ಲ.

“ಅಕ್ಕಾ, ಬೊಯ್ಚುಕ್ ಒಂಬತ್ತಕ್ಕಲ್ವಾ? ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ. ನಿಮ್ಮ ಮುಖ ನೋಡಿದ್ರೆ ನಿಮಗೂ ಇಲ್ಲ. ಏನಾದ್ರೂ ಸುಳಿವು ಸಿಕ್ತಾ? ಕಡತ?”

ಲುಕ್ಯಾನ್ ತಲೆ ಎತ್ತಿದ. ಅವನ ಮುಖದಲ್ಲಿ ಒಳ್ಳೆಯ ಗಂಡನ ಕಾಳಜಿಯಿತ್ತು. ಬೂಟು ಇನ್ನೂ ಕೈಯಲ್ಲಿತ್ತು.

ಯುಸ್ತಿನಾ ಮಗುವಿನ ಕಾಲುಚೀಲವನ್ನು ಮೇಲೆಳೆದು ಸರಿಮಾಡಿದಳು. ಒಂದು ಮಾತು ಆಡಿದರೆ ಈ ಮಗುವಿಗೆ ಮನೆ. ಅದೇ ಮಾತಿಗೆ, ಒಂಬತ್ತು ಗಂಟೆಯಾಗುವ ಮೊದಲು, ಕೆಳಗಿನ ಮನೆಯ ಮುದುಕಿ ಏನಾಗುತ್ತಾಳೋ. ಬೊಯ್ಚುಕ್‌ಗೆ ಹೇಳಿದರೆ ಮೊದಲು ಅವಳದೇ ಸಹಿ ಎದ್ದು ನಿಲ್ಲುತ್ತದೆ. ಸುಳ್ಳು ಬರೆದುಕೊಟ್ಟವಳ ಕೈಯಿಂದ ಬಂದ ಕಡತವನ್ನು ವಿಕೆಂತಿಯ ವಕೀಲರು ಒಂದೇ ಮಧ್ಯಾಹ್ನದಲ್ಲಿ ಚಿಂದಿ ಮಾಡುತ್ತಾರೆ.

“ಇಲ್ಲ ಝೋರಿ,” ಎಂದಳು. “ಏನೂ ಸಿಗ್ಲಿಲ್ಲ.”

ಝೊರಿಯಾನಾ ಮಗುವನ್ನು ಭುಜಕ್ಕೇರಿಸಿಕೊಂಡಳು. ತಿರುಗಿ ಮೆಟ್ಟಿಲು ಹತ್ತಿದಳು. ಮಗು ಅವಳ ಭುಜದ ಮೇಲಿಂದ ಕೈ ಬೀಸಿತು.

“ಪಾಪ,” ಎಂದ ಲುಕ್ಯಾನ್.

“ಹೌದು, ಪಾಪ,” ಎಂದಳು ಯುಸ್ತಿನಾ. ರೊಟ್ಟಿ ಕೊಯ್ಯುವ ಚಾಕು ತೆಗೆದುಕೊಂಡು ಅವನಿಗೆ ಎರಡು ಹೋಳು ಕೊಯ್ದಳು. ಬೊಯ್ಚುಕ್‌ಗೆ ಹೇಳುವುದಿಲ್ಲ. ಝೋರಿಗೆ ಹೇಳುವುದಿಲ್ಲ. ಈ ರಾತ್ರಿ ಏನಾಯಿತೆಂದು ಯಾರಿಗೂ, ಯಾರೊಬ್ಬರಿಗೂ ಹೇಳುವುದಿಲ್ಲ. ಇಲ್ಲದ ತಂಗಿಯ ಮನೆಗೆ ಮುದುಕಿಯನ್ನು ಅವನೊಡನೆ ಒಂಟಿಯಾಗಿ ಕಳಿಸುವುದೂ ಇಲ್ಲ.

“ನಾಳೆ ತೆಕ್ಲಮ್ಮನ್ನ ಬಿಡೋಕೆ ಹೋಗ್ತೀಯಲ್ಲ,” ಎಂದಳು ತಟ್ಟೆಯನ್ನು ಅವನ ಮುಂದೆ ಸರಿಸುತ್ತ, “ನಾನೂ ಬರ್ತೀನಿ ಕಾರಲ್ಲಿ.”